ಪುಲಾವ್ ಉಬಿನ್: ಸಿಂಗಪುರದ ಸದ್ದಿಲ್ಲದ ದ್ವೀಪಕ್ಕೆ ಒಂದು ದಿನ

ಸಿಂಗಪುರ ಎಂದರೆ ಗಾಜಿನ ಕಟ್ಟಡ, ಮಾಲು, ಮರೀನಾ ಬೇ ಅಷ್ಟೇ ಎಂದುಕೊಂಡವರು ಈಶಾನ್ಯದ ಮೂಲೆಗೆ ಹೋಗಿ ಒಂದು ಸಣ್ಣ ದೋಣಿ ಹತ್ತಬೇಕು. ಹತ್ತು ಹದಿನೈದು ನಿಮಿಷದಲ್ಲಿ ಉಬಿನ್ ದ್ವೀಪ. ಹತ್ತು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು ನೆಲ, ಬಹುಪಾಲು ಕಾಡು, ಹಳೆಯ ಕಲ್ಲು ಕ್ವಾರಿಗಳು, ತಗಡಿನ ಮಾಡಿನ ಒಂದಿಷ್ಟು ಮನೆಗಳು. ಮಲಯ್ ಭಾಷೆಯಲ್ಲಿ ‘ಪುಲಾವ್’ ಎಂದರೆ ದ್ವೀಪ. ನಗರದಿಂದ ಇಲ್ಲಿಗೆ ನಲ್ಲಿ ನೀರಿನ ಪೈಪು ಬಂದಿಲ್ಲ, ಬಾವಿ ನೀರೇ ಆಧಾರ. ಕಾಯಂ ವಾಸದವರು ಬೆರಳೆಣಿಕೆಯಷ್ಟು ಕುಟುಂಬಗಳು.

ಆದರೆ ಈ ದ್ವೀಪದ ಮೌನ ಎಲ್ಲ ದಿನವೂ, ಎಲ್ಲ ಹೊತ್ತಿನಲ್ಲೂ ಸಿಗುವುದಿಲ್ಲ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಸೈಕಲ್ ಗಂಟೆಗಳ ಸದ್ದೇ ಸದ್ದು. ಸಮುದ್ರ ತುಂಬಿರುವ ಹೊತ್ತಿಗೆ ಇಲ್ಲಿನ ಜೌಗು ತೀರ ಚೆಕ್ ಜಾವಾಗೆ ಹೋದರೆ ಬರೀ ನೀರು ನೋಡಿ ವಾಪಸ್ಸು ಬರಬೇಕು. ಹಾಗಾಗಿ ತಯಾರಿಯ ಮುಕ್ಕಾಲು ಪಾಲು ದಿನ ಮತ್ತು ಹೊತ್ತು ಆರಿಸುವುದರಲ್ಲೇ ಇದೆ.

ಮೊದಲು ಇಳಿತ ನೋಡಿ, ಆಮೇಲೆ ದಿನ ಗೊತ್ತುಮಾಡಿ

ಉಬಿನ್‌ನ ಪೂರ್ವ ತುದಿಯಲ್ಲಿ ಚೆಕ್ ಜಾವಾ ಎಂಬ ಜೌಗು ತೀರವಿದೆ. ಮರಳು ದಂಡೆ, ಬಂಡೆಗಳ ದಂಡೆ, ಕಡಲಹುಲ್ಲಿನ ಹಾಸು, ಹವಳದ ಚೂರುಗಳ ದಿಬ್ಬ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕರಾವಳಿ ಕಾಡು ಎಂಬ ಆರು ಬಗೆಯ ನೆಲೆಗಳು ಒಂದೇ ಕಡೆ ಸೇರಿವೆ. ಈ ತೀರವನ್ನು ಮಣ್ಣು ತುಂಬಿಸಿ ನೆಲ ಮಾಡುವ ಯೋಜನೆಯಿತ್ತು. ಪ್ರಕೃತಿಪ್ರಿಯರು ಇಲ್ಲಿನ ಜೀವಿಗಳನ್ನು ಗುರುತಿಸಿ, ಪಟ್ಟಿ ಮಾಡಿ, ಸರ್ಕಾರಕ್ಕೆ ಮನವರಿಕೆ ಮಾಡಿಕೊಟ್ಟ ಮೇಲೆ 2001ರ ಕೊನೆಯಲ್ಲಿ ಅದನ್ನು ಮುಂದೂಡಿದರು. ಒಂದಂಗುಲ ನೆಲಕ್ಕೂ ಲೆಕ್ಕ ಹಾಕುವ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಇಲ್ಲಿನ ಜೀವಿಗಳು ಕಾಣುವುದು ನೀರು ಇಳಿದಾಗ. ಸಿಂಗಪುರದ ಹವಾಮಾನ ಇಲಾಖೆಯ ಉಬ್ಬರವಿಳಿತದ ಪಟ್ಟಿ ಅಂತರ್ಜಾಲದಲ್ಲಿ ಉಚಿತ. ಅದರಲ್ಲಿ ಹಗಲು ಹೊತ್ತಿನಲ್ಲಿ 0.5 ಮೀಟರ್ ಅಥವಾ ಅದಕ್ಕಿಂತ ಕಡಿಮೆ ಇಳಿತವಿರುವ ದಿನ ಹುಡುಕಿ. ಒಂದು ಮೀಟರ್ ಎಂದು ಬರೆದಿದ್ದರೆ ಕೆಸರು ತೆರೆದುಕೊಳ್ಳುವುದು ಅಷ್ಟಕ್ಕಷ್ಟೇ. ಆಳವಾದ ಇಳಿತ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಬರುತ್ತದೆ. ಮನೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ಇದ್ದರೆ ಮೊದಲು ಆ ದಿನಗಳನ್ನು ಗುರುತು ಹಾಕಿಕೊಂಡು, ನಂತರ ಪಟ್ಟಿಯಲ್ಲಿ ಗಂಟೆ ನೋಡಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಇವತ್ತು ಒಂಬತ್ತಕ್ಕಿದ್ದರೆ ನಾಳೆ ಹತ್ತರ ಹತ್ತಿರ. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರೊಳಗೆ ತೀರಾ ಇಳಿತ ಬೀಳುವ ದಿನ ಸಿಕ್ಕರೆ ಅದೇ ಒಳ್ಳೆಯ ದಿನ. ಬಿಸಿಲೂ ನೆತ್ತಿಗೇರಿರುವುದಿಲ್ಲ.

ಇದರ ಮೇಲೆ ವಾರದ ದಿನ ನೋಡಿ. ಸೋಮವಾರದಿಂದ ಗುರುವಾರದವರೆಗೆ ದಾರಿಗಳು ಖಾಲಿ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ಕೆಲವು ಸೈಕಲ್ ಅಂಗಡಿ, ಊಟದಂಗಡಿಗಳು ಮುಚ್ಚಿರುತ್ತವೆ, ದೋಣಿ ತುಂಬಲು ಹೆಚ್ಚು ಹೊತ್ತು ಕಾಯಬೇಕು. ಶನಿವಾರ, ಭಾನುವಾರ ಬಿಟ್ಟರೆ ರಜೆ ಇಲ್ಲದವರು ಬೆಳಿಗ್ಗೆ ಏಳೂವರೆಗೆಲ್ಲ ದೋಣಿಕಟ್ಟೆಯಲ್ಲಿರಬೇಕು, ಇಲ್ಲವಾದರೆ ಬೇರೆ ದಿನ ನೋಡಿಕೊಳ್ಳುವುದು ವಾಸಿ.

ಮಳೆಗೆ ಇಲ್ಲಿ ನಮ್ಮ ಮುಂಗಾರಿನಂಥ ಲೆಕ್ಕವಿಲ್ಲ. ಡಿಸೆಂಬರ್, ಜನವರಿಯಲ್ಲಿ ಹೆಚ್ಚು ನೀರು. ಏಪ್ರಿಲ್, ಮೇ ಮತ್ತು ಅಕ್ಟೋಬರ್, ನವೆಂಬರ್‌ಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು. ಸಮಭಾಜಕ ವೃತ್ತಕ್ಕೆ ಅಂಟಿಕೊಂಡ ಊರಾದ್ದರಿಂದ ವರ್ಷವಿಡೀ ಏಳರ ಆಸುಪಾಸಿಗೆ ಸೂರ್ಯೋದಯ, ಏಳರ ಆಸುಪಾಸಿಗೆ ಸೂರ್ಯಾಸ್ತ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಮೂರರೊಳಗೆ ತಿರುಗಿ ಹೊರಡುವ ಲೆಕ್ಕ ಹಾಕಿದರೆ ಸಿಡಿಲಿನ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಚೀಲದಲ್ಲಿ ಏನೇನು

ತಲೆಗೆ ಕನಿಷ್ಠ ಒಂದೂವರೆ ಲೀಟರ್ ನೀರು. ಸೈಕಲ್ ತುಳಿಯುವವರಿಗೆ ಎರಡು ಲೀಟರ್. ದ್ವೀಪದ ನಲ್ಲಿಯಲ್ಲಿ ಬರುವುದು ಕೈತೊಳೆಯುವ ನೀರು, ಕುಡಿಯುವುದಲ್ಲ. ಅಂಗಡಿಗಳಿರುವುದು ದೋಣಿಕಟ್ಟೆಯ ಬಳಿ ಮಾತ್ರ. ಇಲ್ಲಿನ ಸೆಕೆ ಮಂಗಳೂರಿನ ಮೇ ತಿಂಗಳಿನ ಹಾಗೆ, ಬೆವರು ಆರುವುದೇ ಇಲ್ಲ. ಚಿಟಿಕೆ ಉಪ್ಪು ಹಾಕಿದ ನಿಂಬೆ ಶರಬತ್ತು ಒಂದು ಬಾಟಲಿ ಇದ್ದರೆ ಕಾಲು ಹಿಡಿದುಕೊಳ್ಳುವುದು ತಪ್ಪುತ್ತದೆ.

ನಗದು ಬೇಕೇ ಬೇಕು. ದೋಣಿಯವರು, ಸೈಕಲ್ ಅಂಗಡಿಯವರು, ಎಳನೀರಿನವರು ಎಲ್ಲ ನೋಟಿಗೇ ಒಗ್ಗಿದವರು, ಎಟಿಎಂ ಹುಡುಕಬೇಡಿ. ತಲೆಗೆ 40 ಸಿಂಗಪುರ ಡಾಲರ್, ಅದರಲ್ಲಿ 2 ಮತ್ತು 5ರ ನೋಟುಗಳು ಸಾಕಷ್ಟು. 50ರ ನೋಟು ಚಾಚಿದರೆ ದೋಣಿಯಲ್ಲಿ ಚಿಲ್ಲರೆಯ ತಾಪತ್ರಯ.

ಸೊಳ್ಳೆಗೆ ಹಚ್ಚುವ ಮುಲಾಮು ಮರೆಯಬೇಡಿ. ಸಿಂಗಪುರದಲ್ಲಿ ಡೆಂಗೆ ಇದೆ, ಕಾಂಡ್ಲಾ ಕಾಡಿನ ಬಳಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಳುನೊಣಗಳೂ ಕಚ್ಚುತ್ತವೆ. ಮೊಣಕಾಲ ಕೆಳಗೆ, ಕಣಕಾಲಿಗೆ ಚೆನ್ನಾಗಿ ಹಚ್ಚಿ. ತೆಳು ಪ್ಯಾಂಟು, ಹಿಡಿತವಿರುವ ಶೂ, ಟೋಪಿ, ಮಡಚುವ ಮಳೆಯಂಗಿ. ಸೀರೆ, ಉದ್ದನೆಯ ದುಪಟ್ಟಾ, ಅಗಲ ಪಾಯಿಜಾಮ ಸೈಕಲ್ ಚೈನಿಗೆ ಸಿಕ್ಕಿಬೀಳುತ್ತವೆ, ಬೇಡ. ಚಪ್ಪಲಿ ಜಲ್ಲಿ ಇಳಿಜಾರಿನಲ್ಲಿ ಕೈಕೊಡುತ್ತದೆ.

ತಿಂಡಿ ಮುಚ್ಚಳ ಭದ್ರವಾದ ಸ್ಟೀಲ್ ಡಬ್ಬಿಯಲ್ಲಿರಲಿ, ಡಬ್ಬಿ ಬೆನ್ನಚೀಲದೊಳಗಿರಲಿ. ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ಹೋಗುವುದೇ ಇಲ್ಲಿ ಆಗುವ ತಪ್ಪುಗಳಲ್ಲಿ ಮೊದಲನೆಯದು. ಕವರಿನ ಸರಸರ ಸದ್ದು ಕೇಳಿದರೆ ಸಾಕು, ಮಂಗಗಳು ಮತ್ತು ಕಾಡುಹಂದಿಗಳಿಗೆ ಊಟದ ಗಂಟೆ ಬಾರಿಸಿದ ಹಾಗೆ. ಸಸ್ಯಾಹಾರಿಗಳು ಊಟವನ್ನು ಕಟ್ಟಿಕೊಂಡೇ ಹೋಗುವುದು ಲೇಸು. ದ್ವೀಪದ ಹೋಟೆಲುಗಳು ಮೀನು, ಏಡಿಗಳಿಗೆ ಹೆಸರಾದವು. ಲಿಟಲ್ ಇಂಡಿಯಾದಲ್ಲಿ ತಂಗಿದ್ದರೆ ಹಿಂದಿನ ರಾತ್ರಿಯೇ ಚಪಾತಿ, ಪಲ್ಯ ಕಟ್ಟಿಸಿಕೊಳ್ಳಿ. ಮೊಸರನ್ನ ಈ ಸೆಕೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗಿರುತ್ತದೆ.

ಚಾಂಗಿ ಪಾಯಿಂಟ್ ತನಕ

ಲಿಟಲ್ ಇಂಡಿಯಾದಿಂದ ಡೌನ್‌ಟೌನ್ ಲೈನಿನಲ್ಲಿ ಬೂಗಿಸ್, ಅಲ್ಲಿ ಈಸ್ಟ್ ವೆಸ್ಟ್ ಲೈನಿಗೆ ಬದಲಾಯಿಸಿ ಪಾಸಿರ್ ರಿಸ್ ಕಡೆಯ ರೈಲು ಹತ್ತಿ ತಾನಾ ಮೇರಾದಲ್ಲಿ ಇಳಿಯಿರಿ. ಹೊರಗೆ 2ನೇ ನಂಬರಿನ ಬಸ್ಸು, ಕೊನೆಯ ನಿಲ್ದಾಣವೇ ಚಾಂಗಿ ವಿಲೇಜ್. ತಾಂಪಿನಿಸ್ ಕಡೆಯಿಂದ ಬರುವವರಿಗೆ 29. ಒಟ್ಟು ಒಂದೂಕಾಲರಿಂದ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಭಾರತದ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳನ್ನು ರೈಲು, ಬಸ್ಸಿನಲ್ಲಿ ನೇರವಾಗಿ ತಟ್ಟಬಹುದು, ಸ್ವಲ್ಪ ಹೆಚ್ಚುವರಿ ಶುಲ್ಕ ಬೀಳುತ್ತದೆ. ಬ್ಯಾಂಕಿನ ಆಪ್‌ನಲ್ಲಿ ವಿದೇಶಿ ಬಳಕೆಯನ್ನೂ ತಟ್ಟುವ ಪಾವತಿಯನ್ನೂ ಊರಿನಿಂದ ಹೊರಡುವ ಮೊದಲೇ ಚಾಲೂ ಮಾಡಿರಬೇಕು. ಇಳಿಯುವಾಗಲೂ ಕಾರ್ಡು ತಟ್ಟಬೇಕು. ಮರೆತರೆ ಬಸ್ಸಿನ ಪೂರ್ತಿ ದೂರದ ದರ ಕಡಿತವಾಗುತ್ತದೆ.

ಚಾಂಗಿ ವಿಲೇಜಿನ ತಿಂಡಿ ಅಂಗಡಿಗಳ ಪಕ್ಕದಲ್ಲೇ ದೋಣಿ ನಿಲ್ದಾಣ. ಶೌಚ ಮುಗಿಸಿ, ಕಾಫಿ ಕುಡಿದು ಒಳಗೆ ಹೋಗಿ. ಇದೇ ನಿಲ್ದಾಣದಿಂದ ಮಲೇಷ್ಯಾದ ಪೆಂಗೆರಾಂಗ್‌ಗೂ ದೋಣಿ ಇದೆ, ಅದಕ್ಕೆ ಪಾಸ್‌ಪೋರ್ಟ್ ತಪಾಸಣೆ. ಸಾಲಿನಲ್ಲಿ ನಿಲ್ಲುವ ಮೊದಲು ‘ಉಬಿನ್?’ ಎಂದು ಒಂದು ಮಾತು ಕೇಳಿ. ಉಬಿನ್ ಸಿಂಗಪುರದ್ದೇ ನೆಲ, ಗಡಿ ದಾಟುವುದಿಲ್ಲ. ಆದರೂ ಗುರುತಿನ ಪತ್ರ ಜೊತೆಗಿರಲಿ. ಚೀಲಗಳನ್ನು ಯಂತ್ರದಲ್ಲಿ ತಪಾಸಣೆ ಮಾಡುತ್ತಾರೆ.

ಉಬಿನ್‌ಗೆ ಹೋಗುವ ದೋಣಿಗಳಿಗೆ ಬಂಬೋಟ್ ಎನ್ನುತ್ತಾರೆ. ಮರದ ಹಳೆಯ ದೋಣಿ, ಡೀಸೆಲ್ ಎಂಜಿನ್ನು. ವೇಳಾಪಟ್ಟಿ ಇಲ್ಲ. ಹನ್ನೆರಡು ಜನ ಸೇರಿದ ಕೂಡಲೇ ಹೊರಡುತ್ತದೆ. ಟಿಕೆಟ್ಟೂ ಇಲ್ಲ, ದೋಣಿಯಲ್ಲಿ ಕೂತ ಮೇಲೆ ಕೈಗೆ ಹಣ: ಈಚಿನ ದರ ತಲೆಗೆ 4 ಡಾಲರ್, ಸ್ವಂತ ಸೈಕಲ್ ತಂದರೆ ಅದಕ್ಕೆ ಬೇರೆ. ಜನ ಸೇರದಿದ್ದರೆ ಇದ್ದವರೇ ಹನ್ನೆರಡು ಜನರ ಹಣ ಹಂಚಿಕೊಂಡು ಕೊಟ್ಟು ಹೊರಡಬಹುದು. ಎಂಟೊಂಬತ್ತು ಜನರಿದ್ದಾಗ ಇದು ಲಾಭ, ಮೂವರಿದ್ದಾಗ ಕಾಯುವುದೇ ಸರಿ. ಮೆಟ್ಟಿಲುಗಳಲ್ಲಿ ಪಾಚಿ ಇರುತ್ತದೆ. ದೋಣಿ ಮೇಲೆ ಕೆಳಗೆ ತೂಗುವಾಗ ಅದು ಮೇಲೆ ಬಂದ ಗಳಿಗೆಯಲ್ಲಿ ಕಾಲಿಡಿ, ಒಂದು ಕೈ ಯಾವಾಗಲೂ ಕಂಬಿಯ ಮೇಲಿರಲಿ.

ಒಂದು ಸಣ್ಣ ಕೆಲಸ ಬಾಕಿ: ಫೋನಿನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಕೈಯಾರೆ ಸಿಂಗಪುರದ ಕಂಪನಿಗೆ ಕಟ್ಟಿಹಾಕಿ. ಮಲೇಷ್ಯಾದ ಜೋಹೋರ್ ರಾಜ್ಯ ಎದುರಿಗೇ ಇರುವುದರಿಂದ ಫೋನು ತಾನಾಗಿ ಅಲ್ಲಿನ ಗೋಪುರಕ್ಕೆ ಹಾರುತ್ತದೆ, ಪ್ರವಾಸಿ ಸಿಮ್ಮಿನ ಇಂಟರ್ನೆಟ್ ನಿಲ್ಲುತ್ತದೆ, ಇಲ್ಲವೇ ರೋಮಿಂಗ್ ಬಿಲ್ಲು ಏರುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಸೈಕಲ್ ಆರಿಸುವುದು

ದೋಣಿ ಇಳಿದ ಕೂಡಲೇ ಎಡಬಲದಲ್ಲಿ ಸೈಕಲ್ ಅಂಗಡಿಗಳು. ದಿನದ ಬಾಡಿಗೆ ಸೈಕಲ್ಲಿನ ಸ್ಥಿತಿಗೆ ತಕ್ಕಂತೆ 10ರಿಂದ 20 ಡಾಲರ್ ಆಸುಪಾಸು. ಎರಡು ಡಾಲರ್ ಉಳಿಸಲು ಹೋಗಿ ಹಳೆಯ ಬ್ರೇಕಿನದ್ದು ಹಿಡಿಯಬೇಡಿ. ಚೆಕ್ ಜಾವಾ ದಾರಿಯಲ್ಲಿ ಜಲ್ಲಿಯ ಏರಿಳಿತಗಳಿವೆ. ಹಣ ಕೊಡುವ ಮೊದಲು ಐದು ನಿಮಿಷ ಇಷ್ಟನ್ನು ನೋಡಿ.

ಸೈಕಲ್ಲನ್ನು ಮುಂದಕ್ಕೆ ತಳ್ಳುತ್ತಾ ಮುಂದಿನ ಬ್ರೇಕು ಮಾತ್ರ ಹಿಡಿಯಿರಿ, ಹಿಂದಿನ ಚಕ್ರ ನೆಲ ಬಿಟ್ಟು ಏಳಬೇಕು. ಹಿಂದಿನದನ್ನು ಮಾತ್ರ ಹಿಡಿದರೆ ಹಿಂದಿನ ಚಕ್ರ ತಿರುಗದೆ ಎಳೆದುಕೊಂಡು ಬರಬೇಕು. ಹಿಡಿ ಹ್ಯಾಂಡಲ್ಲಿಗೆ ತಾಗುವಷ್ಟು ಒಳಗೆ ಹೋದರೆ ಕೇಬಲ್ಲು ಸಡಿಲವಾಗಿದೆ, ಬೇರೆ ಸೈಕಲ್ ಕೇಳಿ. ಹೆಬ್ಬೆರಳಿನಿಂದ ಟೈರು ಒತ್ತಿ, ಗಟ್ಟಿಯಾಗಿರಬೇಕು. ಹಿಂದಿನ ಚಕ್ರ ಎತ್ತಿ ಹಿಡಿದು ಪೆಡಲ್ ತಿರುಗಿಸುತ್ತಾ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಏರಿನಲ್ಲಿ ಚೈನು ಕಳಚುವ ಸೈಕಲ್ಲು ಇಲ್ಲೇ ಸಿಕ್ಕಿಬೀಳುತ್ತದೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಾಗಿದ್ದರೆ ಮೂರು ಕಿಲೋಮೀಟರಿನಲ್ಲೇ ಮೊಣಕಾಲು ನೋಯುತ್ತದೆ. ಬೀಗ ಕೊಟ್ಟಿದ್ದಾರೆಯೇ, ಕೀಲಿ ಅದಕ್ಕೇ ಹೊಂದುತ್ತದೆಯೇ ನೋಡಿ, ಹೆಲ್ಮೆಟ್ ಕೇಳಿ. ಅಂಗಡಿಯ ಬೋರ್ಡು ಮತ್ತು ಸೈಕಲ್ಲಿನ ಫೋಟೋ ಹಿಡಿಯಿರಿ: ಪಂಕ್ಚರ್ ಆದರೆ ಕರೆ ಮಾಡಲು ಆ ನಂಬರು ಬೇಕು, ಚೆಕ್ ಜಾವಾ ಸ್ಟ್ಯಾಂಡಿನಲ್ಲಿ ಒಂದೇ ಬಣ್ಣದ ಹತ್ತಾರು ಸೈಕಲ್ಲುಗಳ ನಡುವೆ ನಿಮ್ಮದು ಯಾವುದೆಂದು ಗುರುತಿಸಲೂ ಆಗುತ್ತದೆ. ಎಷ್ಟು ಗಂಟೆಗೆ ವಾಪಸ್ಸು ಕೊಡಬೇಕೆಂದು ಕೇಳಿಕೊಳ್ಳಿ.

ಊರಿನಿಂದ ಬಂದ ಅಪ್ಪ ಅಮ್ಮಂದಿರ ಜೊತೆ ಹೋಗುವವರಿಗೆ ವ್ಯಾನುಗಳಿವೆ, ದೋಣಿಕಟ್ಟೆಯ ಬಳಿಯೇ ನಿಂತಿರುತ್ತವೆ. ಹತ್ತುವ ಮೊದಲೇ ಹೋಗುವುದಕ್ಕೆಷ್ಟು, ಬರುವುದಕ್ಕೆಷ್ಟು, ಅಲ್ಲಿ ಎಷ್ಟು ಹೊತ್ತು ಕಾಯುತ್ತಾರೆ ಎಂಬ ಮೂರೂ ಮಾತಾಗಲಿ. ನಡೆದು ಹೋಗುವುದಾದರೆ ಚೆಕ್ ಜಾವಾಗೆ ಸುಮಾರು 45 ನಿಮಿಷ. ಸೈಕಲ್ ಬಾರದವರಿಗೆ ಇದು ಕಲಿಯುವ ಜಾಗವಲ್ಲ.

ಚೆಕ್ ಜಾವಾ

ಪೂರ್ವಕ್ಕೆ ಹೊರಡಿ, ತಿರುವುಗಳಲ್ಲಿ ಬೋರ್ಡುಗಳಿವೆ. ನಮ್ಮ ಹಾಗೆಯೇ ಎಡಬದಿಯ ಸಂಚಾರ. ಮೊದಲರ್ಧ ಡಾಂಬರು, ಆಮೇಲೆ ಜಲ್ಲಿ. ಇಳಿಜಾರಿನಲ್ಲಿ ‘ಇಳಿದು ತಳ್ಳಿ’ ಎಂಬ ಸೂಚನೆ ಕಂಡಲ್ಲಿ ನಿಜಕ್ಕೂ ಇಳಿಯಿರಿ. ಬೀಳುವವರು ಬಹುಪಾಲು ಬೀಳುವುದು ಸಡಿಲ ಜಲ್ಲಿಯ ಮೇಲೆ ಗಾಬರಿಯಿಂದ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದು. ಹಿಂದಿನದನ್ನು ಮೊದಲು, ಸ್ವಲ್ಪ ಸ್ವಲ್ಪವೇ ಹಿಡಿಯಿರಿ, ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ.

ಪ್ರವೇಶದಲ್ಲಿ ಸೈಕಲ್ ಸ್ಟ್ಯಾಂಡು. ಇಲ್ಲಿಂದ ಮುಂದೆ ನಡಿಗೆ. ಬುಟ್ಟಿಯಲ್ಲಿ ಏನನ್ನೂ ಬಿಡಬೇಡಿ, ಖಾಲಿ ಕವರನ್ನೂ ಬಿಡಬೇಡಿ. ಮರಿಗಳ ಸಮೇತ ಹಂದಿಗಳು ಈ ಸ್ಟ್ಯಾಂಡಿನ ಸುತ್ತ ಓಡಾಡುತ್ತವೆ. ಎದುರಾದರೆ ನಿಂತುಬಿಡಿ, ಮರಿ ಮತ್ತು ತಾಯಿಯ ನಡುವೆ ಹೋಗಬೇಡಿ, ನಿಧಾನ ಹಿಂದೆ ಸರಿಯಿರಿ. ತಿನ್ನಲು ಕೊಟ್ಟರೆ ಕಾನೂನಿನ ಪ್ರಕಾರ ಮೊದಲ ತಪ್ಪಿಗೇ 5,000 ಡಾಲರ್ ತನಕ ದಂಡ. ದಂಡಕ್ಕಿಂತ ದೊಡ್ಡ ವಿಷಯ, ತಿಂಡಿಗೆ ಒಗ್ಗಿದ ಹಂದಿ ಮುಂದಿನ ಮಗುವಿನ ಕೈಗೆ ಬಾಯಿ ಹಾಕುತ್ತದೆ.

ಗೇಟು ಬೆಳಿಗ್ಗೆ 8.30ರಿಂದ ಸಂಜೆ 6ರವರೆಗೆ. ಪ್ರವೇಶ ಉಚಿತ. 1930ರ ದಶಕದ ಇಂಗ್ಲಿಷ್ ಮಾದರಿಯ ಮನೆಯೊಂದು ಈಗ ಮಾಹಿತಿ ಕೇಂದ್ರ. ಈ ಸೆಕೆಯ ನಾಡಿನಲ್ಲಿ ಕಟ್ಟಿದ ಆ ಮನೆಗೆ ಬೆಂಕಿ ಕಾಯಿಸುವ ಒಲೆಗೂಡೂ ಇದೆ, ಒಳಗೆ ಇಣುಕಿ ನೋಡಿ. ಶೌಚಾಲಯ ಇಲ್ಲಿಯೇ, ಮುಂದೆ ಇಲ್ಲ.

ಮರದ ಹಾದಿ 2007ರಲ್ಲಿ ತೆರೆದದ್ದು, ಒಟ್ಟು ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಎರಡು ಸುತ್ತು: ಒಂದು ಕಡಲಿನ ಮೇಲೆ, ಇನ್ನೊಂದು ಕಾಂಡ್ಲಾ ಕಾಡಿನೊಳಗೆ. ತೀರಾ ಇಳಿತದ ಗಂಟೆಗೆ ಒಂದು ತಾಸು ಮುಂಚೆ ಕಡಲ ಸುತ್ತಿನಲ್ಲಿರಿ. ನೀರು ಹಿಂದೆ ಸರಿಯುತ್ತಾ ಹೋದಂತೆ ಹಸಿರು ಕಡಲಹುಲ್ಲು, ಮರಳಿನ ದಿಬ್ಬಗಳು ಒಂದೊಂದಾಗಿ ಮೇಲೇಳುತ್ತವೆ. ದುರ್ಬೀನು ಇದ್ದರೆ ಇಲ್ಲಿಯೇ ತೆಗೆಯಿರಿ. ಕೆಳಗಿಳಿದು ಕೆಸರಿನ ಮೇಲೆ ನಡೆಯುವ ಹಾಗಿಲ್ಲ. ಉದ್ಯಾನ ಇಲಾಖೆಯ ಮಾರ್ಗದರ್ಶಕರ ಜೊತೆ ನಡೆಯುವ ಕಾರ್ಯಕ್ರಮಗಳಿಗೆ ಮೊದಲೇ ಹೆಸರು ನೋಂದಾಯಿಸಬೇಕು.

ಬಂದವರಲ್ಲಿ ಬಹಳ ಜನ ಕಾಂಡ್ಲಾ ಸುತ್ತನ್ನು ಹತ್ತು ನಿಮಿಷದಲ್ಲಿ ಮುಗಿಸಿ ‘ಏನೂ ಇರಲಿಲ್ಲ’ ಎಂದು ಹೊರಬರುತ್ತಾರೆ. ಕಾರಣ ಅವರ ಹೆಜ್ಜೆಯೇ. ಹಲಗೆಯ ಅದುರು ಕೆಸರಿಗೆ ಇಳಿಯುತ್ತದೆ, ಏಡಿಗಳು ಬಿಲ ಸೇರುತ್ತವೆ. ಒಂದು ಕಡೆ ಕಟಾಂಜನಕ್ಕೆ ಒರಗಿ ಐದು ನಿಮಿಷ ಅಲುಗದೆ ನಿಲ್ಲಿ. ಮೊದಲು ಬಿಲದ ಬಾಯಲ್ಲಿ ಕಡ್ಡಿಯಂಥ ಎರಡು ಕಣ್ಣು. ಆಮೇಲೆ ಉಗುರಿನಷ್ಟು ಏಡಿ. ಗಂಡಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದು, ಅದನ್ನು ಮೇಲೆತ್ತಿ ಯಾರನ್ನೋ ಕರೆದ ಹಾಗೆ ಬೀಸುತ್ತದೆ. ಸಣ್ಣ ಕೊಂಡಿಯಿಂದ ಕೆಸರು ಬಾಯಿಗೆ ಹಾಕಿಕೊಂಡು, ತಿನ್ನುವುದನ್ನು ಸೋಸಿ, ಉಳಿದದ್ದನ್ನು ಸಾಸಿವೆ ಗಾತ್ರದ ಉಂಡೆ ಮಾಡಿ ಬದಿಗಿಡುತ್ತದೆ. ಬಿಲದ ಸುತ್ತ ಹರಡಿರುವ ಆ ಉಂಡೆಗಳನ್ನು ಕಂಡರೆ ಅಲ್ಲಿ ನಿಲ್ಲಬೇಕು ಎಂದು ತಿಳಿಯಿರಿ. ಪಕ್ಕದಲ್ಲೇ ರೆಕ್ಕೆ ಊರಿ ಕೆಸರಿನ ಮೇಲೆ ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಮೀನುಗಳು. ಮೈ ಒದ್ದೆಯಾಗಿರುವ ತನಕ ಅವು ಚರ್ಮದಿಂದಲೂ ಉಸಿರಾಡುತ್ತವೆ. ಹೊನ್ನಾವರ, ಕುಮಟಾ ಕಡೆಯ ಕಾಂಡ್ಲಾ ಕಾಡು ನೋಡಿದವರಿಗೆ ನೆಲದಿಂದ ಪೆನ್ಸಿಲ್ಲಿನಂತೆ ಮೇಲೆದ್ದ ಉಸಿರುಬೇರುಗಳು ಪರಿಚಿತವೇ.

ಕೊನೆಗೆ ಜೆಜಾವಿ ಗೋಪುರ, ಸುಮಾರು 20 ಮೀಟರ್ ಎತ್ತರ. ಆಲದ ಜಾತಿಯ ಮರವೊಂದರ ಮಲಯ್ ಹೆಸರು ಅದು. ಮೇಲೆ ನಿಂತರೆ ಮರಗಳ ನೆತ್ತಿ ಕಣ್ಣ ಮಟ್ಟಕ್ಕೆ ಬರುತ್ತದೆ. ದಾಂಡೇಲಿಯಲ್ಲಿ ಕಾಣುವ ಮಂಗಟ್ಟೆಯ ಹತ್ತಿರದ ಸಂಬಂಧಿ, ಕಪ್ಪು ಬಿಳಿ ಮಂಗಟ್ಟೆ, ಇಲ್ಲಿ ಹಾರಾಡುತ್ತದೆ. ರೆಕ್ಕೆಯ ಬುಸ್ ಬುಸ್ ಸದ್ದು ಮೊದಲು ಕೇಳುತ್ತದೆ. ಕಾಡಿನೊಳಗಿಂದ ಕೊಳಲಿನಂತೆ ದೊಡ್ಡದಾಗಿ ಉಲಿಯುವುದು ಒಣಹುಲ್ಲು ಬಣ್ಣದ ತಲೆಯ ಪಿಕಳಾರ. ಆ ಹಾಡಿಗಾಗಿಯೇ ಆಗ್ನೇಯ ಏಷ್ಯಾದ ತುಂಬ ಅದನ್ನು ಹಿಡಿದು ಪಂಜರಕ್ಕೆ ಹಾಕಿ, ಅಳಿವಿನ ಅಂಚಿಗೆ ತಳ್ಳಿದ್ದಾರೆ. ಅದು ಇನ್ನೂ ಬಿಡುಬೀಸಾಗಿ ಉಳಿದಿರುವ ಕೆಲವೇ ನೆಲೆಗಳಲ್ಲಿ ಉಬಿನ್ ಒಂದು. ಫೋನಿನಲ್ಲಿ ಹಕ್ಕಿ ಕೂಗು ಹಾಕಿ ಅದನ್ನು ಕರೆಯಬೇಡಿ, ದಯವಿಟ್ಟು. ಗೂಡು ಬಿಟ್ಟು ಎದುರಾಳಿಯನ್ನು ಹುಡುಕುತ್ತಾ ಅದು ದಣಿಯುತ್ತದೆ.

ಗುಡುಗು ಕೇಳಿದ ಕೂಡಲೇ ಗೋಪುರ ಮತ್ತು ಕಡಲ ಹಾದಿ ಬಿಟ್ಟು ಮಾಹಿತಿ ಕೇಂದ್ರಕ್ಕೆ ಬನ್ನಿ. ಮಳೆ ಸಾಮಾನ್ಯವಾಗಿ ಒಂದು ತಾಸಿನೊಳಗೆ ಹೊಳವಾಗುತ್ತದೆ.

ಹಿಂದಿರುಗುವ ದಾರಿಯಲ್ಲಿ

ಹನ್ನೆರಡರ ಹೊತ್ತಿಗೆ ದೋಣಿಕಟ್ಟೆಯ ಕಡೆ ಬನ್ನಿ. ಎಳನೀರು ಕುಡಿದು, ಡಬ್ಬಿ ಬಿಚ್ಚಿ, ಬಿಸಿಲಿನ ಝಳ ಇಳಿಯುವ ತನಕ ನೆರಳಿನಲ್ಲಿ ಕೂರಿ. ಆಮೇಲೆ ಐದು ನಿಮಿಷದ ದಾರಿಯಲ್ಲಿ ಪೆಕಾನ್ ಕ್ವಾರಿ: ಕಲ್ಲು ತೆಗೆದ ಗುಂಡಿಯಲ್ಲಿ ಹಸಿರು ನೀರು, ನಡುವಿನ ಮರಗಳಲ್ಲಿ ಬಕಗಳ ಗೂಡು. ಇಲ್ಲಿನ ಗ್ರಾನೈಟು 1851ರಲ್ಲಿ ಮುಗಿದ ಹಾರ್ಸ್‌ಬರ್ಗ್ ದೀಪಸ್ತಂಭಕ್ಕೂ, ಸಿಂಗಪುರವನ್ನು ಜೋಹೋರ್‌ಗೆ ಜೋಡಿಸುವ ಸೇತುದಾರಿಗೂ ಹೋಗಿದೆ. ಕಲ್ಲು ಒಡೆಯುವುದು 1999ರ ಹೊತ್ತಿಗೆ ನಿಂತಿತು. ಕ್ವಾರಿಯ ನೀರು ಆಳ, ಅಂಚು ಕಡಿದು, ಬೇಲಿ ದಾಟಬಾರದು. ಸಮುದ್ರದಲ್ಲೂ ಈಜುವ ಆಸೆ ಬೇಡ, ಇಲ್ಲಿ ಸೆಳೆತ ಜೋರು.

ಕಾಲಲ್ಲಿ ಕಸುವು ಉಳಿದವರಿಗೆ ಪಶ್ಚಿಮದಲ್ಲಿ ಕೆಟಾಮ್ ಮೌಂಟನ್ ಬೈಕ್ ಉದ್ಯಾನವಿದೆ. ಬಾಡಿಗೆಯ ಸಾದಾ ಸೈಕಲ್ಲಿನಲ್ಲಿ ಅದರ ಕಪ್ಪು ವಜ್ರದ ಗುರುತಿನ ಕಠಿಣ ಹಾದಿಗಳಿಗೆ ಇಳಿಯಬೇಡಿ. ಚೆಕ್ ಜಾವಾ, ಕೆಟಾಮ್ ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಎರಡೂ ಅರೆಬರೆ. ಒಂದನ್ನು ಬಿಡುವುದಾದರೆ ಕೆಟಾಮ್ ಬಿಡಿ.

ಸೈಕಲ್ ಕೊಡುವಾಗ ಬೀಗದ ಕೀಲಿಯನ್ನೂ ಕೊಡಿ, ಜೇಬಿನಲ್ಲೇ ಉಳಿದು ನಗರಕ್ಕೆ ಬಂದುಬಿಡುತ್ತದೆ. ವಾಪಸ್ಸು ದೋಣಿಗೂ ಅದೇ ಹನ್ನೆರಡು ಜನರ ಲೆಕ್ಕ, ಅದೇ 4 ಡಾಲರ್, ಹಾಗಾಗಿ ಆ ಹಣವನ್ನು ಬೆಳಿಗ್ಗೆಯೇ ಬೇರೆ ಜೇಬಿನಲ್ಲಿಟ್ಟಿರಿ. ಕತ್ತಲಾದ ಮೇಲೆ ದೋಣಿ ಸಿಗುವ ಖಾತ್ರಿಯಿಲ್ಲ, ಜೋರು ಸಿಡಿಲು ಮಳೆಯಲ್ಲಿ ಹಗಲಲ್ಲೂ ನಿಲ್ಲಿಸುತ್ತಾರೆ. ಎಷ್ಟೇ ತಡವಾದರೂ ಐದೂವರೆಗೆ ಕಟ್ಟೆಯ ಮೇಲಿರಿ. ವಾರದ ದಿನವಾದರೆ ಜನ ಸೇರುವ ತನಕ ಅಲ್ಲೇ ಬೆಂಚಿನ ಮೇಲೆ ಕೂತು ಕೆಳಗಿನ ಕಂಬಗಳನ್ನು ನೋಡಿ: ಬೆಳಿಗ್ಗೆ ಬರಿದಾಗಿ ಕಂಡ ಚಿಪ್ಪುಗಳ ಸಾಲು ಈಗ ನೀರಿನಡಿ ಹೋಗಿರುತ್ತದೆ.